ಐದು ವರ್ಷದೊಳಗಿನ ಮಕ್ಕಳಿಗೆ ನಮ್ಮ ಭಜನಾ ಮಂಡಳಿ ಏನು ಮಾಡಬಹುದು?

ಪ್ರಶ್ನೆ: ನಮಸ್ಕಾರ ಮೇಡಂ. ನಾವು ಧಾರವಾಡದವರು. ಯಜಮಾನರ ಕೆಲಸದ ಮೇಲೆ ಕೊಲಂಬೊಗೆ ಬಂದು ಎರಡು ವರ್ಷವಾಯಿತು. ಇಲ್ಲಿನ ಕೆಲವು ಕನ್ನಡ ಮನೆಗಳವರು, ಜೊತೆಗೆ ತಮಿಳು, ತೆಲುಗು ಸ್ನೇಹಿತರು ಸೇರಿ ಶನಿವಾರ ಭಜನೆ ಮಾಡುತ್ತೇವೆ. 2022ರ ಬಿಕ್ಕಟ್ಟಿನ ನಂತರ ಇಲ್ಲಿನ ಬಡವರು ಇನ್ನೂ ಚೇತರಿಸಿಕೊಂಡಿಲ್ಲ ಎಂದು ಮನೆಗೆಲಸಕ್ಕೆ ಬರುವ ಅಕ್ಕ ಹೇಳುತ್ತಿರುತ್ತಾರೆ. ಭಜನೆಯ ಜೊತೆ ಚಿಕ್ಕ ಮಕ್ಕಳಿಗೆ ಏನಾದರೂ ಸೇವೆ ಮಾಡೋಣ ಎಂದುಕೊಂಡಿದ್ದೇವೆ. ಎಲ್ಲರೂ ಸೇರಿ ತಿಂಗಳಿಗೆ ಒಂದು ಲಕ್ಷ ಶ್ರೀಲಂಕಾ ರೂಪಾಯಿ ಕೊಡಬಹುದು. ಅನಾಥಾಶ್ರಮದಲ್ಲಿ ಊಟ ಹಾಕಿಸೋಣ ಎಂದು ಕೆಲವರು, ಹಾಲಿನ ಪುಡಿ ಹಂಚೋಣ ಎಂದು ಕೆಲವರು, ನಾವೇ ಅಡುಗೆ ಮಾಡಿ ಬಡಿಸೋಣ ಎಂದು ಕೆಲವರು. ನಾವೆಲ್ಲ ಸಸ್ಯಾಹಾರಿಗಳು, ಅದೂ ಒಂದು ಮಾತಾಗಿದೆ. ಧಾರವಾಡದಲ್ಲಿರುವ ನನ್ನ ತಂಗಿಯೂ ಹಣ ಕಳಿಸುತ್ತೇನೆ ಎನ್ನುತ್ತಾಳೆ. ಯಾವುದು ಸರಿ?

ಉತ್ತರ: ನಮಸ್ಕಾರ. ನೀವು ಹೇಳಿದ ಮೂರರಲ್ಲಿ ಯಾವುದನ್ನೂ ನಾನು ಮೊದಲ ಆಯ್ಕೆ ಅನ್ನುವುದಿಲ್ಲ. ನಿಮ್ಮ ಮನೆಗೆ ಹತ್ತಿರದ ಒಂದು ಬಡ ಬಡಾವಣೆ ನೋಡಿಕೊಳ್ಳಿ. ಅಲ್ಲಿನ ಒಂದು ಪ್ರೀಸ್ಕೂಲ್, ಆ ಬಡಾವಣೆಗೆ ಬರುವ ಸರ್ಕಾರಿ ಮಿಡ್‌ವೈಫ್, ಇವರಿಬ್ಬರ ಜೊತೆ ಸೇರಿ ಕನಿಷ್ಠ ಒಂದು ವರ್ಷ ನಿಲ್ಲಿಸದೆ ಕೆಲಸ ಮಾಡಿ. ಮಕ್ಕಳ ಸಂಖ್ಯೆ ಚಿಕ್ಕದಿರಲಿ. ಮೂವತ್ತೋ ನಲವತ್ತೋ ಸಾಕು. ಯಾಕೆ ಅಂತ ಈಗ ವಿವರವಾಗಿ ಹೇಳುತ್ತೇನೆ.

ಮೊದಲು ಏನಾಯಿತು ನೋಡಿ. 2019ರ ಕೊನೆಯಲ್ಲಿ ಶ್ರೀಲಂಕಾ ಸರ್ಕಾರ ತೆರಿಗೆಗಳನ್ನು ವಿಪರೀತ ಕಡಿತ ಮಾಡಿತು. ಅದೇ ವರ್ಷದ ಈಸ್ಟರ್ ಬಾಂಬ್ ಸ್ಫೋಟದಿಂದ ಪ್ರವಾಸೋದ್ಯಮ ಆಗಲೇ ನೆಲ ಕಚ್ಚಿತ್ತು. ಆಮೇಲೆ ಕೋವಿಡ್ ಬಂತು. 2021ರ ಏಪ್ರಿಲ್‌ನಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನು ರಾತ್ರೋರಾತ್ರಿ ನಿಲ್ಲಿಸಿದರು, ಭತ್ತದ ಇಳುವರಿ ಬಿತ್ತು. ಡಾಲರ್ ಖಾಲಿಯಾಯಿತು. 2022ರ ಏಪ್ರಿಲ್ 12ರಂದು ವಿದೇಶಿ ಸಾಲ ತೀರಿಸಲು ಆಗುವುದಿಲ್ಲ ಎಂದು ಸರ್ಕಾರವೇ ಘೋಷಿಸಿತು. ಡಾಲರ್‌ಗೆ ಇನ್ನೂರರ ಆಸುಪಾಸಿನಲ್ಲಿದ್ದ ಅಲ್ಲಿನ ರೂಪಾಯಿ ಕೆಲವೇ ವಾರಗಳಲ್ಲಿ 360ಕ್ಕೆ ಇಳಿಯಿತು. ಆ ಸೆಪ್ಟೆಂಬರ್‌ನಲ್ಲಿ ಕೊಲಂಬೊದ ಹಣದುಬ್ಬರ ಶೇ 69.8, ಆಹಾರ ಪದಾರ್ಥಗಳದ್ದು ಶೇ 94.9. ಅಂದರೆ ಒಂದೇ ವರ್ಷದಲ್ಲಿ ಅಡುಗೆಮನೆಯ ಖರ್ಚು ಹೆಚ್ಚುಕಡಿಮೆ ದುಪ್ಪಟ್ಟು. ವಿಶ್ವಬ್ಯಾಂಕಿನ ಲೆಕ್ಕದಲ್ಲಿ ಆ ವರ್ಷ ದೇಶದ ನಾಲ್ಕರಲ್ಲಿ ಒಬ್ಬರು ಬಡವರಾಗಿದ್ದರು. ಹಿಂದಿನ ವರ್ಷಕ್ಕೆ ಹೋಲಿಸಿದರೆ ಇದೂ ಸುಮಾರು ದುಪ್ಪಟ್ಟೇ.

2023ರ ಮಾರ್ಚ್‌ನಲ್ಲಿ ಐಎಂಎಫ್ ಸುಮಾರು 300 ಕೋಟಿ ಡಾಲರ್ ಸಾಲ ಮಂಜೂರು ಮಾಡಿತು. 2024ರ ಹೊತ್ತಿಗೆ ಹಣದುಬ್ಬರ ಪೂರ್ತಿ ತಗ್ಗಿತು. ಪತ್ರಿಕೆ ಓದುವವರಿಗೆ ‘ಎಲ್ಲ ಸರಿಹೋಯಿತು’ ಅನ್ನಿಸುತ್ತದೆ. ನಿಮ್ಮ ಮನೆಗೆ ಬರುವ ಅಕ್ಕನಿಗೆ ಹಾಗೆ ಅನ್ನಿಸುವುದಿಲ್ಲ. ಅದೂ ಸರಿಯೇ. ಬೆಲೆ ಏರುವ ವೇಗ ತಗ್ಗಿದೆ ಅಷ್ಟೇ, ಏರಿದ ಬೆಲೆ ಹಳೆಯ ಜಾಗಕ್ಕೆ ಇಳಿದಿಲ್ಲ. ಕೂಲಿ ಆ ಮಟ್ಟಕ್ಕೆ ಏರಿಲ್ಲ. ಮೇಲಿಂದ 2024ರ ಜನವರಿಯಿಂದ ವ್ಯಾಟ್ ಶೇ 18 ಆಯಿತು. ಕೆಲಸ ಹುಡುಕಿಕೊಂಡು ಗಲ್ಫ್‌ಗೆ ಹೋದ ತಾಯಂದಿರು ಎಷ್ಟೋ ಜನ. ಅಂಥ ಮನೆಗಳಲ್ಲಿ ಎರಡು ವರ್ಷದ ಮಗುವಿಗೆ ಉಣ್ಣಿಸುವವರು ಅಜ್ಜಿ, ಇಲ್ಲವೇ ಹತ್ತು ವರ್ಷದ ಅಕ್ಕ.

ಇಂಥ ಸಮಯದಲ್ಲಿ ಮನೆಗಳು ಏನು ಮಾಡುತ್ತವೆ ಎನ್ನುವುದನ್ನು ದಯವಿಟ್ಟು ಗಮನಿಸಿ, ನಿಮ್ಮ ನಿರ್ಧಾರವೆಲ್ಲ ಇದರ ಮೇಲೆ ನಿಂತಿದೆ. ಅನ್ನ ಬಿಡುವುದಿಲ್ಲ. ಮೊದಲು ಮೊಟ್ಟೆ ಹೋಗುತ್ತದೆ, ಆಮೇಲೆ ಮೀನು, ಹಾಲು, ಹಣ್ಣು. ತೆಂಗಿನಕಾಯಿ ಅರ್ಧಕ್ಕೆ ಇಳಿಯುತ್ತದೆ. ಬೇಳೆ ಸಾರು ತೆಳ್ಳಗಾಗುತ್ತದೆ. ದೊಡ್ಡವರು ಅನ್ನ ಜಾಸ್ತಿ ಉಂಡು ಹೇಗೋ ಸರಿದೂಗಿಸಿಕೊಳ್ಳುತ್ತಾರೆ. ಒಂದೂವರೆ ವರ್ಷದ ಮಗುವಿಗೆ ಅದು ಆಗುವುದಿಲ್ಲ. ಅದರ ಹೊಟ್ಟೆ ಚಿಕ್ಕದು, ಎರಡು ಮೂರು ತುತ್ತು ಅನ್ನಕ್ಕೇ ತುಂಬಿಬಿಡುತ್ತದೆ. ಆ ತುತ್ತಿನಲ್ಲಿ ಬೇಳೆ, ಎಣ್ಣೆ, ಮೊಟ್ಟೆ ಇಲ್ಲದಿದ್ದರೆ ಮಗುವಿನ ಹೊಟ್ಟೆ ತುಂಬಿರುತ್ತದೆ, ಬೆಳವಣಿಗೆ ನಿಂತಿರುತ್ತದೆ. ಹಸಿವಿನಿಂದ ಅಳುವುದಿಲ್ಲವಾದ್ದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ.

ಇದು ಬಿಕ್ಕಟ್ಟಿನಿಂದ ಶುರುವಾದ ಸಮಸ್ಯೆಯೂ ಅಲ್ಲ. ಶ್ರೀಲಂಕಾದ ಆರೋಗ್ಯ ವ್ಯವಸ್ಥೆ ನಮ್ಮ ಉಪಖಂಡದಲ್ಲೇ ಒಳ್ಳೆಯದು ಅನ್ನಿಸಿಕೊಂಡಿದೆ. ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತವೆ, ಲಸಿಕೆ ತಪ್ಪುವುದಿಲ್ಲ. ಆದರೂ 2016ರ ಸಮೀಕ್ಷೆಯಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 15ರಷ್ಟು ಮಂದಿ ಎತ್ತರಕ್ಕೆ ತಕ್ಕ ತೂಕವಿಲ್ಲದವರು. ಶೇ 17ರಷ್ಟು ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಚಹಾ ತೋಟಗಳಲ್ಲಿ ಈ ಎರಡನೆಯ ಸಂಖ್ಯೆ ಶೇ 31 ದಾಟಿತ್ತು. ಬಿಕ್ಕಟ್ಟು ಬಂದು ಹೊಡೆದದ್ದು ಆಗಲೇ ಬಡಕಲಾಗಿದ್ದ ಮಕ್ಕಳನ್ನು.

ಇನ್ನು ಧರ್ಮದ ಹೆಸರಿನ ದಾನದ ವಿಷಯ. ನೀವು ಎರಡು ವೆಸಾಕ್, ಅಂದರೆ ಅಲ್ಲಿನ ಬುದ್ಧ ಪೂರ್ಣಿಮೆ ಹಬ್ಬ, ನೋಡಿದ್ದೀರಿ, ಅಲ್ವಾ? ರಸ್ತೆಗೊಂದು ‘ದನ್ಸಲ’. ಅನ್ನ, ಕಡಲೆ ಉಸುಳಿ, ಪಾನಕ, ಐಸ್‌ಕ್ರೀಂ ತನಕ ಎಲ್ಲ ಪುಕ್ಕಟೆ, ಯಾರು ಬೇಕಾದರೂ ಸಾಲಿನಲ್ಲಿ ನಿಲ್ಲಬಹುದು. ಕದಿರ್ಗಾಮ, ನಲ್ಲೂರು ದೇವಸ್ಥಾನಗಳಲ್ಲಿ ಅನ್ನದಾನವಿದೆ. ರಂಜಾನ್‌ನಲ್ಲಿ ಮಸೀದಿಗಳು ಗಂಜಿ ಹಂಚುತ್ತವೆ, ಬೇರೆ ಧರ್ಮದ ನೆರೆಯವರೂ ಪಾತ್ರೆ ತಂದು ಒಯ್ಯುತ್ತಾರೆ. ಚರ್ಚ್‌ಗಳ ಜಾಲವೂ ದೊಡ್ಡದು, ಕಾರಿತಾಸ್ ಶ್ರೀಲಂಕಾ ಸಂಸ್ಥೆ 1968ರಿಂದ ಇದೆ. 2022ರಲ್ಲಿ ಪೆಟ್ರೋಲಿಗೆ ದಿನಗಟ್ಟಲೆ ಸಾಲು ನಿಂತಿದ್ದಾಗ, ಅಡುಗೆ ಗ್ಯಾಸ್ ಇಲ್ಲದಾಗ, ಸರ್ಕಾರಿ ಕಚೇರಿಗಳೇ ಬಾಗಿಲು ಹಾಕಿದ್ದಾಗ, ಈ ಜಾಗಗಳಲ್ಲಿ ಸೌದೆ ಒಲೆ ಉರಿಯಿತು. ಕೈಕಾಲು ಆಡಿಸುವ ಜನ ಇದ್ದರು. ಬಡಾವಣೆಯಲ್ಲಿ ಯಾವ ಮನೆಯಲ್ಲಿ ಏನು ಕಷ್ಟ ಅಂತ ಗೊತ್ತಿತ್ತು. ದೊಡ್ಡ ಅಂತರರಾಷ್ಟ್ರೀಯ ಸಂಸ್ಥೆಗಳು ಯೋಜನೆ ಬರೆದು ಹಣ ತರುವ ಹೊತ್ತಿಗೆ ಇವರು ಬಡಿಸಿ ಕೈತೊಳೆದಿದ್ದರು. ಇದನ್ನು ನಾನು ಮನಸ್ಸಿನಿಂದ ಒಪ್ಪುತ್ತೇನೆ.

ಆದರೆ ಈ ದಾನಗಳಿಗೆ ಒಂದು ಸ್ವಭಾವವಿದೆ. ಅವು ಹಬ್ಬ ನೋಡಿಕೊಂಡು ನಡೆಯುತ್ತವೆ. ಒಂದು ಜಾಗದಲ್ಲಿ ನಡೆಯುತ್ತವೆ. ಸಾಲಿನಲ್ಲಿ ನಿಂತವರಿಗೆ ಸಿಗುತ್ತವೆ. ಒಂದೂವರೆ ವರ್ಷದ ಮಗು ಸಾಲಿಗೆ ಬರುವುದಿಲ್ಲ. ಬಂದರೂ ಅಲ್ಲಿನ ಖಾರದ ಊಟ ಅದಕ್ಕಲ್ಲ. ಅದಕ್ಕೆ ಬೇಕಾದದ್ದು ದಿನಕ್ಕೆ ಮೂರು ನಾಲ್ಕು ಸಲ ಸ್ವಲ್ಪ ಸ್ವಲ್ಪ ಊಟ, ವರ್ಷವಿಡೀ, ಅದರ ಮನೆಯಲ್ಲೇ. ಸರ್ಕಾರದ ಶಾಲಾ ಊಟ ಶುರುವಾಗುವುದು ಮಗು ಒಂದನೇ ತರಗತಿಗೆ ಸೇರಿದ ಮೇಲೆ. ಪ್ರೀಸ್ಕೂಲ್ ಮಕ್ಕಳಿಗೆ ಬೆಳಗಿನ ಊಟದ ಸರ್ಕಾರಿ ಯೋಜನೆಯೊಂದಿದೆ, ಆದರೆ ಅದು ಎಲ್ಲ ಪ್ರೀಸ್ಕೂಲ್‌ಗಳನ್ನೂ ಮುಟ್ಟುವುದಿಲ್ಲ. ನಮ್ಮಲ್ಲಿ ಅಂಗನವಾಡಿ ಸರ್ಕಾರದ್ದು. ಅಲ್ಲಿ ಹಾಗಲ್ಲ, ಪ್ರೀಸ್ಕೂಲ್‌ಗಳನ್ನು ಖಾಸಗಿಯವರು, ದೇವಸ್ಥಾನ, ಚರ್ಚ್, ಸ್ಥಳೀಯ ಸಂಸ್ಥೆಗಳು ನಡೆಸುವುದೇ ಜಾಸ್ತಿ. ತಂದೆತಾಯಿ ಫೀಸು ಕೊಡಬೇಕು. ಟೀಚರ್ ಸಂಬಳ ಆ ಫೀಸಿನ ಮೇಲೆ ನಿಂತಿರುತ್ತದೆ. ಹೀಗೆ ಹುಟ್ಟಿನಿಂದ ಐದು ವರ್ಷದವರೆಗಿನ ಅವಧಿಯಲ್ಲೇ ದಾನವೂ ಸರ್ಕಾರವೂ ಎರಡೂ ತೆಳುವಾಗಿವೆ. ನಿಮ್ಮ ಒಂದು ಲಕ್ಷ ರೂಪಾಯಿಗೆ ಅಲ್ಲೇ ಬೆಲೆ.

ಇದನ್ನು ಧರ್ಮದ ಪ್ರೇರಣೆಯಿಂದಲೇ ಮೊದಲು ಕಂಡುಕೊಂಡವರು ಅಲ್ಲೇ ಇದ್ದಾರೆ, ಸರ್ವೋದಯ ಶ್ರಮದಾನ ಚಳವಳಿಯವರು. 1958ರಲ್ಲಿ ಕೊಲಂಬೊದ ನಳಂದ ಕಾಲೇಜಿನ ಮೇಷ್ಟ್ರು ಎ.ಟಿ. ಆರಿಯರತ್ನೆ ತಮ್ಮ ವಿದ್ಯಾರ್ಥಿಗಳನ್ನು ಕರೆದುಕೊಂಡು ಕನತೊಲುವ ಎಂಬ ಹಳ್ಳಿಗೆ ಹೋದರು. ಜಾತಿಯ ಕಾರಣಕ್ಕೆ ದೂರ ಇಟ್ಟಿದ್ದ ಹಳ್ಳಿ ಅದು. ಅಲ್ಲಿ ಸೇರಿ ಬಾವಿ, ರಸ್ತೆ ಅಂತ ಕೆಲಸ ಮಾಡಿದರು. ಗಾಂಧಿ, ವಿನೋಬಾ ಇಬ್ಬರ ಪ್ರಭಾವ ಆರಿಯರತ್ನೆಯವರ ಮೇಲೆ ಗಾಢವಾಗಿತ್ತು. ಆದರೆ ತಮ್ಮ ಕೆಲಸವನ್ನು ಅವರು ಕಟ್ಟಿದ್ದು ಬೌದ್ಧರ ಮೈತ್ರಿ, ಕರುಣೆ, ಮುದಿತೆ (ಇತರರ ಸುಖದಲ್ಲಿ ಸಂತೋಷ), ಉಪೇಕ್ಷೆ (ಸಮಚಿತ್ತ) ಎಂಬ ಗುಣಗಳ ಮೇಲೆ. 1996ರಲ್ಲಿ ನಮ್ಮ ಸರ್ಕಾರ ಅವರಿಗೆ ಗಾಂಧಿ ಶಾಂತಿ ಪ್ರಶಸ್ತಿ ಕೊಟ್ಟಿತು. 2024ರ ಏಪ್ರಿಲ್‌ನಲ್ಲಿ ತೀರಿಕೊಂಡರು.

ಅವರ ಕೆಲಸದಲ್ಲಿ ನಿಮಗೆ ಉಪಯೋಗಕ್ಕೆ ಬರುವ ಭಾಗ ಹೇಳುತ್ತೇನೆ. ಹಳ್ಳಿಯೊಳಗೆ ಕಾಲಿಟ್ಟ ಮೇಲೆ ಸರ್ವೋದಯದವರು ತಾಯಂದಿರ ಗುಂಪು ಕಟ್ಟಿ, ಪ್ರೀಸ್ಕೂಲ್ ತೆರೆಯಲು ನೆರವಾದರು. ಅದೇ ಹಳ್ಳಿಯ ಹೆಣ್ಣುಮಗಳೊಬ್ಬಳಿಗೆ ತರಬೇತಿ ಕೊಟ್ಟು ಟೀಚರ್ ಮಾಡಿದರು. ಮಕ್ಕಳು ಮನೆಯಿಂದ ಬೆಂಕಿಪೊಟ್ಟಣದಷ್ಟು ಅಕ್ಕಿಯನ್ನೋ ಬೇಳೆಯನ್ನೋ ತರುವ ರೂಢಿ ಇತ್ತು. ನಮ್ಮ ಕಡೆ ಮಠದ ಜೋಳಿಗೆಗೆ ಹಿಡಿ ಜೋಳ ಹಾಕುವಂಥದ್ದೇ. ಅದರಿಂದ ಊಟ ಪೂರ್ತಿ ಆಗುವುದಿಲ್ಲ, ಉಳಿದದ್ದನ್ನು ಸಂಸ್ಥೆ ಕೊಡಬೇಕು. ಆದರೆ ಅತಿ ಬಡ ಮನೆಯ ಮಗುವೂ ಏನೋ ಒಂದು ತಂದಿರುತ್ತದೆ, ‘ಪುಕ್ಕಟೆ ಉಣ್ಣಲು ಬಂದವರು’ ಅನ್ನುವ ಮಾತು ಅಲ್ಲಿ ಹುಟ್ಟುವುದಿಲ್ಲ. ಆ ಚಳವಳಿಯ ಎಲ್ಲವೂ ಚೆನ್ನಾಗಿತ್ತು ಅಂತ ನಾನು ಹೇಳುತ್ತಿಲ್ಲ. ವಿದೇಶಿ ಹಣ ಬಂದಾಗ ಬೇಗ ಹಿಗ್ಗಿತು, ಹಣ ಕಡಿಮೆಯಾದಾಗ ಕಷ್ಟಪಟ್ಟಿತು. ನನ್ನ ಲೆಕ್ಕದಲ್ಲಿ ಅವರಿಂದ ಕಲಿಯಬೇಕಾದದ್ದು ಒಂದೇ: ಅಡುಗೆ ತಾಯಂದಿರ ಕೈಯಲ್ಲಿತ್ತು, ಹೊರಗಿನವರ ಕೈಯಲ್ಲಿರಲಿಲ್ಲ.

ಈಗ ನಿಮ್ಮ ಮೂರು ಯೋಚನೆಗಳಿಗೆ ಬರೋಣ.

ಅನಾಥಾಶ್ರಮ. ಸತ್ತವರ ನೆನಪಿಗೆ, ಹುಟ್ಟುಹಬ್ಬಕ್ಕೆ ಮಕ್ಕಳ ಆಶ್ರಮದಲ್ಲಿ ಊಟ ಹಾಕಿಸುವುದು ಶ್ರೀಲಂಕಾದಲ್ಲಿ ದೊಡ್ಡ ಪುಣ್ಯದ ಕೆಲಸ. ಹೀಗಾಗಿ ಪೇಟೆಯ ಆಶ್ರಮಗಳಿಗೆ ದಾನಿಗಳ ಕೊರತೆ ಅಷ್ಟಾಗಿ ಇರುವುದಿಲ್ಲ. ಕೆಲವು ಕಡೆ ತಿಂಗಳುಗಟ್ಟಲೆ ಮುಂಚೆ ದಿನ ಕಾಯ್ದಿರಿಸಬೇಕು. ನನಗೆ ಚಿಂತೆ ಬೇರೆ. ಈ ಆಶ್ರಮಗಳಲ್ಲಿರುವ ಬಹುಪಾಲು ಮಕ್ಕಳಿಗೆ ತಂದೆ ಅಥವಾ ತಾಯಿ ಇದ್ದಾರೆ. ಬಡತನ, ತಾಯಿ ವಿದೇಶಕ್ಕೆ ಹೋದದ್ದು, ತಂದೆಯ ಕುಡಿತ, ಹೀಗೆ ಏನೇನೋ ಕಾರಣಕ್ಕೆ ಬಂದು ಸೇರಿದವರು. 2009ರಲ್ಲಿ ವಿಶ್ವಸಂಸ್ಥೆ ಒಪ್ಪಿದ ಮಾರ್ಗಸೂಚಿ ಎರಡು ವಿಷಯ ಸ್ಪಷ್ಟವಾಗಿ ಹೇಳುತ್ತದೆ. ಬಡತನವೊಂದೇ ಕಾರಣಕ್ಕೆ ಮಗುವನ್ನು ಮನೆಯಿಂದ ದೂರ ಮಾಡಬಾರದು. ಮೂರು ವರ್ಷದೊಳಗಿನ ಮಗುವಿಗೆ ಆರೈಕೆ ಯಾವುದಾದರೂ ಕುಟುಂಬದಲ್ಲೇ ಸಿಗಬೇಕು. ಆಶ್ರಮಕ್ಕೆ ಹಣ ಹರಿಯುತ್ತಾ, ಮನೆಗೆ ಹರಿಯದಿದ್ದರೆ ಏನಾಗುತ್ತದೆ? ‘ಅಲ್ಲಾದರೂ ಮೂರು ಹೊತ್ತು ಊಟ ಸಿಗುತ್ತೆ’ ಅಂತ ತಾಯಿಯೇ ತಂದು ಬಿಡುತ್ತಾಳೆ. ಈಗಾಗಲೇ ಅಲ್ಲಿರುವ ಮಕ್ಕಳಿಗೆ ಸಹಾಯ ಬೇಡ ಅನ್ನುವುದಿಲ್ಲ. ನಿಮ್ಮ ಹೊಸ ಹಣ ಅಲ್ಲಿಗೆ ಹೋಗುವುದು ಬೇಡ ಅನ್ನುತ್ತಿದ್ದೇನೆ.

ಹಾಲಿನ ಪುಡಿ. ಶ್ರೀಲಂಕಾದ ಮನೆಗಳಲ್ಲಿ ಆಮದು ಮಾಡಿದ ಹಾಲಿನ ಪುಡಿಯೇ ‘ಹಾಲು’. 2021ರ ಶುರುವಿನಲ್ಲಿ ನಾನೂರು ಗ್ರಾಮಿನ ಪೊಟ್ಟಣ ನಾನೂರು ರೂಪಾಯಿಗಿಂತ ಕಡಿಮೆಗೆ ಸಿಗುತ್ತಿತ್ತು, 2022ರಲ್ಲಿ ಸಾವಿರ ದಾಟಿತು. ಚಹಾ ಅಂಗಡಿಗಳಲ್ಲಿ ಹಾಲಿನ ಚಹಾ ಕಾಣೆಯಾಗಿ ಬರೀ ಕಪ್ಪು ಚಹಾ ಉಳಿದದ್ದು ಆಗಲೇ. ಅದಕ್ಕೇ ಎಲ್ಲರ ಮನಸ್ಸಿಗೆ ಮೊದಲು ಬರುವುದು ಹಾಲಿನ ಪುಡಿ. ತಮಿಳುನಾಡು ಸರ್ಕಾರ ಆ ವರ್ಷ ಕಳಿಸಿದ್ದರಲ್ಲೂ 40 ಸಾವಿರ ಟನ್ ಅಕ್ಕಿ, ಔಷಧಿಯ ಜೊತೆ 500 ಟನ್ ಹಾಲಿನ ಪುಡಿ ಇತ್ತು. ಮನೆಯ ದೊಡ್ಡವರಿಗೆ, ದೊಡ್ಡ ಮಕ್ಕಳಿಗೆ ಅದು ಸರಿ. ಆರು ತಿಂಗಳವರೆಗೆ ಮಗುವಿಗೆ ಎದೆಹಾಲು ಬಿಟ್ಟು ಬೇರೇನೂ ಬೇಡ, ನೀರೂ ಬೇಡ. ಒಂದು ವರ್ಷದೊಳಗಿನ ಮಗುವಿಗೆ ಸಾಮಾನ್ಯ ಹಾಲಿನ ಪುಡಿ ಕುಡಿಸಲೇಬಾರದು. ಶ್ರೀಲಂಕಾದ ತಾಯಂದಿರು ಎದೆಹಾಲು ಕೊಡುವುದರಲ್ಲಿ ಬಹಳ ಮುಂದೆ, 2016ರ ಸಮೀಕ್ಷೆಯಲ್ಲಿ ಆರು ತಿಂಗಳೊಳಗಿನ ಶೇ 82 ಮಕ್ಕಳು ಬರೀ ಎದೆಹಾಲಿನಲ್ಲೇ ಇದ್ದರು. ಪುಕ್ಕಟೆ ಪುಡಿ ಮನೆಗೆ ಬಂದರೆ ‘ನನ್ನ ಹಾಲು ಸಾಲುತ್ತಿಲ್ಲವೇನೋ’ ಅಂತ ತಾಯಿಗೆ ಅನುಮಾನ ಹುಟ್ಟುತ್ತದೆ. ನಿಮ್ಮ ಪುಡಿ ಎರಡು ತಿಂಗಳಲ್ಲಿ ನಿಲ್ಲುತ್ತದೆ, ಅಷ್ಟರಲ್ಲಿ ಅವಳ ಹಾಲೂ ಬತ್ತಿರುತ್ತದೆ. ಆಮೇಲೆ ಪುಡಿಗೆ ನೀರು ಜಾಸ್ತಿ ಬೆರೆಸುವುದು, ಬಾಟಲಿ ಸರಿಯಾಗಿ ತೊಳೆಯದಿರುವುದು, ಭೇದಿ. ಹಂಚುವ ಪಟ್ಟಿಯಲ್ಲಿ ಹಾಲಿನ ಪುಡಿ, ಫೀಡಿಂಗ್ ಬಾಟಲಿ ಎರಡೂ ಇರುವುದು ಬೇಡ. ಯಾವುದಾದರೂ ಮಗುವಿಗೆ ನಿಜವಾಗಿ ಬೇಕೆಂದರೆ ಅದನ್ನು ವೈದ್ಯರು ಹೇಳಲಿ. ಅದೇ ಹಣದಲ್ಲಿ ಬಾಣಂತಿಯ ಊಟ ನೋಡಿಕೊಳ್ಳಿ.

ಸ್ವಂತ ಅಡುಗೆಮನೆ. ಇದು ಕೆಟ್ಟ ಯೋಚನೆಯಲ್ಲ, ಆದರೆ ನಿಮಗೆ ಇದು ಹೊಂದುವುದಿಲ್ಲ. ನೀವು ವರ್ಗಾವಣೆಯ ಮೇಲೆ ಬಂದವರು. ಶನಿವಾರ ಎಲ್ಲರಿಗೂ ಬಿಡುವು, ಆದರೆ ಆವತ್ತು ಪ್ರೀಸ್ಕೂಲ್ ಇರುವುದಿಲ್ಲ. ಮಂಗಳವಾರ ಬೆಳಗ್ಗೆ ಏಳಕ್ಕೆ ನಲವತ್ತು ಮಕ್ಕಳಿಗೆ ಬಡಿಸಲು ನಿಮ್ಮಲ್ಲಿ ಯಾರು ಸಿಗುತ್ತಾರೆ? ಅದಕ್ಕಿಂತ ಅದೇ ಬಡಾವಣೆಯ ಇಬ್ಬರು ತಾಯಂದಿರಿಗೆ ಸಂಬಳ ಕೊಟ್ಟು ಅಡುಗೆ ಮಾಡಿಸಿ. ಹಣ ಅಲ್ಲೇ ಉಳಿಯುತ್ತದೆ. ಯಾವ ಮಗು ಏನು ತಿನ್ನುತ್ತದೆ, ಯಾವುದು ಉಗುಳುತ್ತದೆ ಅವರಿಗೇ ಗೊತ್ತು.

ಹಾಗಾದರೆ ಹೇಗೆ ಶುರು ಮಾಡಬೇಕು? ನೀವಿರುವ ಪ್ರದೇಶದ ಎಂಒಎಚ್ ಕಚೇರಿಗೆ ಹೋಗಿ. ಅದು ಆ ಭಾಗದ ಸರ್ಕಾರಿ ಆರೋಗ್ಯಾಧಿಕಾರಿಯ ಕಚೇರಿ. ಪ್ರತಿ ಮಿಡ್‌ವೈಫ್ ಕೈಯಲ್ಲಿ ತನ್ನ ಪ್ರದೇಶದ ಗರ್ಭಿಣಿಯರ, ಐದು ವರ್ಷದೊಳಗಿನ ಮಕ್ಕಳ ಪಟ್ಟಿ ಇರುತ್ತದೆ. ನಮ್ಮ ಆಶಾ, ಎಎನ್‌ಎಂ ಇಬ್ಬರ ಕೆಲಸವೂ ಸೇರಿದಂತೆ ಅಂದುಕೊಳ್ಳಿ. ಅವರು ಮನೆಮನೆಗೆ ಹೋಗುತ್ತಾರೆ, ತೂಕ ನೋಡಿ ಮಗುವಿನ ದಾಖಲೆ ಪುಸ್ತಕದಲ್ಲಿ ಗುರುತು ಹಾಕುತ್ತಾರೆ. ಯಾವ ಮಗುವಿಗೆ ಸಹಾಯ ಬೇಕು ಅನ್ನುವುದು ಅವರಿಗೆ ಬಿಟ್ಟದ್ದು. ನೀವು ಕಣ್ಣಳತೆಯಲ್ಲಿ ಆರಿಸಲು ಹೋಗಬೇಡಿ. ದುಂಡಗೆ ಕಾಣುವ ಮಗು ವಯಸ್ಸಿಗೆ ಗಿಡ್ಡವಿರಬಹುದು, ತೆಳ್ಳಗಿರುವುದು ಆರೋಗ್ಯವಾಗಿರಬಹುದು. ತೀರಾ ಬಡಕಲಾದ ಮಗು ಕಂಡರೆ ಅದಕ್ಕೆ ಬೇಕಾದದ್ದು ವೈದ್ಯರ ಚಿಕಿತ್ಸೆ, ನಿಮ್ಮ ಊಟದಿಂದ ಅದು ಸರಿಹೋಗುವುದಿಲ್ಲ.

ಈ ಮಿಡ್‌ವೈಫ್ ವ್ಯವಸ್ಥೆಯ ಮೂಲಕವೇ ಸರ್ಕಾರ ‘ತ್ರಿಪೋಷ’ ಹಂಚುತ್ತದೆ. ಮೆಕ್ಕೆಜೋಳ, ಸೋಯಾ, ಹಾಲಿನ ಪುಡಿ ಸೇರಿಸಿದ ಹಿಟ್ಟು. 1970ರ ದಶಕದಿಂದ ಇದೆ. ಗರ್ಭಿಣಿ, ಬಾಣಂತಿಯರಿಗೆ, ತೂಕ ಕಡಿಮೆ ಇರುವ ಮಕ್ಕಳಿಗೆ ಸಿಗುತ್ತದೆ. 2022ರಲ್ಲಿ ಮೆಕ್ಕೆಜೋಳವೇ ಸಿಗದೆ ಇದರ ತಯಾರಿಕೆ ಕುಂಟಿತು. ಸಹಾಯ ಅತಿ ಹೆಚ್ಚು ಬೇಕಾದ ವರ್ಷದಲ್ಲೇ ಕೈಕೊಟ್ಟಿತು. ನಿಮ್ಮ ಬಡಾವಣೆಯಲ್ಲಿ ಅದು ಈಗ ಸರಿಯಾಗಿ ಬರುತ್ತಿದೆಯೇ, ಮನೆಯಲ್ಲಿ ಮಗುವಿನ ಪಾಲನ್ನು ಎಲ್ಲರೂ ಹಂಚಿಕೊಂಡು ತಿನ್ನುತ್ತಿದ್ದಾರೆಯೇ ಕೇಳಿ. ಹಂಚಿಕೊಳ್ಳುತ್ತಾರೆ, ಅದು ಸಹಜ. ಹಾಗಾಗಿ ಒಂದು ಮಗುವಿಗಾಗಿ ಕೊಡುವಾಗ ಮನೆಗೂ ಸ್ವಲ್ಪ ಬೇಳೆ, ಎಣ್ಣೆ ಕೊಡಿ.

ಲೆಕ್ಕ ನೋಡೋಣ. ನಲವತ್ತು ಮಕ್ಕಳು, ತಿಂಗಳಿಗೆ ಇಪ್ಪತ್ತು ದಿನ ಅಂದರೆ 800 ಊಟ. ಒಂದು ಲಕ್ಷ ಪೂರ್ತಿ ಇದಕ್ಕೇ ಹಾಕಿದರೆ ಊಟಕ್ಕೆ 125 ರೂಪಾಯಿ. ಹಾಗೆ ಪೂರ್ತಿ ಹಾಕಬೇಡಿ. ಊಟವನ್ನು ಮೂವತ್ತು ಮಕ್ಕಳಿಗೆ ಇಳಿಸಿ, 75 ಸಾವಿರ ಅಲ್ಲಿಗಾಗಲಿ, ಅದರಲ್ಲೇ ಅಡುಗೆಯವರ ಸಂಬಳವೂ ಬರಲಿ. ಉಳಿದ 25 ಸಾವಿರದಲ್ಲಿ ಮಿಡ್‌ವೈಫ್ ಹೇಳಿದ ಐದಾರು ಮನೆಗಳಿಗೆ, ಅಂದರೆ ಎರಡು ವರ್ಷದೊಳಗಿನ ಮಗು ಇರುವ ಮನೆ ಅಥವಾ ಗರ್ಭಿಣಿ ಇರುವ ಮನೆಗಳಿಗೆ, ತಿಂಗಳ ದಿನಸಿ. ನನ್ನ ಕೇಳಿದರೆ ಈ ಎರಡನೆಯದೇ ಮುಖ್ಯ. ಅಲ್ಲಿ ಹುಟ್ಟುವಾಗಲೇ ತೂಕ ಕಡಿಮೆ ಇರುವ ಮಕ್ಕಳು ಬಹಳ. ಅದನ್ನು ತಡೆಯಲು ತಾಯಿ ಬಸುರಿಯಾಗಿರುವಾಗಲೇ ಉಣ್ಣಬೇಕು. ಶುರು ಮಾಡುವ ಮುಂಚೆ ಮೂರು ತಿಂಗಳ ಹಣ ಕೈಯಲ್ಲಿರಲಿ. ಶುರು ಮಾಡಿ ನಡುವೆ ನಿಲ್ಲಿಸಿದರೆ ಮಾಡದಿರುವುದಕ್ಕಿಂತ ಕೆಟ್ಟದ್ದು.

ಏನು ಬಡಿಸಬೇಕು ಅನ್ನುವುದಕ್ಕೆ ಹೊಸ ಸಂಶೋಧನೆ ಬೇಕಿಲ್ಲ. ಅಲ್ಲಿನವರ ಬೆಳಗಿನ ಊಟವೇ ಚೆನ್ನಾಗಿದೆ. ಕೊಳ ಕಂದ ಅಂತ ಸೊಪ್ಪಿನ ಗಂಜಿ ಮಾಡುತ್ತಾರೆ. ಅಕ್ಕಿ, ತೆಂಗಿನ ಹಾಲು, ಸೊಪ್ಪಿನ ರಸ. ಹೆಚ್ಚಾಗಿ ಗೊಟುಕೊಳ ಸೊಪ್ಪು, ನಮ್ಮ ಮಲೆನಾಡು, ಕರಾವಳಿಯವರ ಒಂದೆಲಗ. ಇದಲ್ಲದೆ ಬೇಯಿಸಿದ ಹೆಸರುಕಾಳಿಗೆ ಕಾಯಿತುರಿ, ಕಡಲೆ ಉಸುಳಿ, ತೆಂಗಿನ ಹಾಲಿನಲ್ಲಿ ಬೇಯಿಸಿದ ಕಿರಿಬತ್, ಕೆಂಪು ಮಸೂರ್ ಬೇಳೆಯ ಗಟ್ಟಿ ಪರಿಪ್ಪು. ನೀವು ಇಡ್ಲಿ, ಉಪ್ಪಿಟ್ಟು ಅಂತ ಕಲಿಸಲು ಹೋಗಬೇಡಿ, ಸುಮ್ನೆ ಉಳಿಯುತ್ತದೆ.

ಸಸ್ಯಾಹಾರದ ಮಾತು. ಇದನ್ನು ನೇರವಾಗಿ ಕೇಳಿದ್ದು ಒಳ್ಳೆಯದಾಯಿತು. ಚಿಕ್ಕ ಮಗುವಿಗೆ ದಿನಕ್ಕೊಂದು ಮೊಟ್ಟೆಯಷ್ಟು ಸುಲಭವಾಗಿ ಪೌಷ್ಟಿಕಾಂಶ ಕೊಡುವ ಆಹಾರ ಬೇರೆ ಇಲ್ಲವೆಂದೇ ಹೇಳಬೇಕು. ಶ್ರೀಲಂಕಾದಲ್ಲಿ ಮೊಟ್ಟೆ ಎಷ್ಟು ದುಬಾರಿಯಾಯಿತೆಂದರೆ 2023ರಲ್ಲಿ ಭಾರತದಿಂದ ತರಿಸಿದರು. ಆ ಬಡಾವಣೆಯ ಹೆಚ್ಚಿನ ಮನೆಗಳಲ್ಲಿ, ಬೌದ್ಧರಿರಲಿ, ಹಿಂದೂಗಳಿರಲಿ, ಮುಸ್ಲಿಮರಿರಲಿ, ಕ್ರೈಸ್ತರಿರಲಿ, ಮೊಟ್ಟೆ, ಒಣಮೀನು ಮಾಮೂಲು. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಮೊಟ್ಟೆ ಕೊಡಲು ಶುರು ಮಾಡಿದಾಗ ಕೆಲವು ಮಠಾಧೀಶರು ವಿರೋಧಿಸಿದ್ದು ನಿಮಗೂ ನೆನಪಿರಬೇಕು. ಮಕ್ಕಳು ಮಾತ್ರ ಬೇಕು ಬೇಕು ಅಂತ ತಿಂದರು. ತಿನ್ನದವರಿಗೆ ಬಾಳೆಹಣ್ಣು ಇತ್ತು. ಜಗಳ ಪೂರ್ತಿ ದೊಡ್ಡವರದ್ದು.

ನಿಮ್ಮ ಕೈಯಾರೆ ಮೊಟ್ಟೆ ಕೊಳ್ಳಲು ಮನಸ್ಸು ಒಪ್ಪದಿದ್ದರೆ ಕೊಳ್ಳಬೇಡಿ. ಅದು ನಿಮ್ಮ ಶ್ರದ್ಧೆ. ಬೇಳೆ, ಕಾಳು, ಎಣ್ಣೆ, ತೆಂಗಿನಕಾಯಿ, ಮೊಸರಿನ ಖರ್ಚು ನೀವು ಹೊರಿ. ಮೊಟ್ಟೆಯನ್ನು ಬೇರೆಯವರು ತರಲಿ. ಆ ಬಡಾವಣೆಯ ಚರ್ಚೋ ಮಸೀದಿಯೋ ಬೌದ್ಧ ವಿಹಾರವೋ ಸಂತೋಷದಿಂದ ಒಪ್ಪಿಕೊಳ್ಳುತ್ತದೆ. ದಿನಸಿಯ ಬದಲು ಹತ್ತಿರದ ಅಂಗಡಿಯ ಚೀಟಿ ಕೊಟ್ಟು, ತಾಯಿ ಏನು ಬೇಕೋ ಕೊಳ್ಳಲಿ ಅನ್ನುವುದೂ ಒಂದು ದಾರಿ. ಆದರೆ ‘ನಮ್ಮ ಹಣದಲ್ಲಿ ನಡೆಯುವ ಜಾಗದಲ್ಲಿ ಮೊಟ್ಟೆ ಬರಕೂಡದು’ ಅಂತ ಷರತ್ತು ಹಾಕಬೇಡಿ. ನಿಮ್ಮ ವ್ರತವನ್ನು ಮೂರು ವರ್ಷದ ಮಗು ಪಾಲಿಸಬೇಕಾಗಿಲ್ಲ. ಮಂಡಳಿಯಲ್ಲಿ ಇದಕ್ಕೆ ಯಾರಾದರೂ ಒಪ್ಪದಿದ್ದರೆ ಶುರು ಮಾಡುವ ಮುಂಚೆಯೇ ಕೂತು ಮಾತಾಡಿಕೊಳ್ಳಿ.

ಅದೇ ರೀತಿ ಊಟ ಬಡಿಸುವ ಜಾಗದಲ್ಲಿ ಭಜನೆ ಬೇಡ, ದೇವರ ಫೋಟೋ ಬೇಡ, ಮಂಡಳಿಯ ಬ್ಯಾನರೂ ಬೇಡ. 2004ರ ಸುನಾಮಿಯ ನಂತರ ಪರಿಹಾರದ ಹೆಸರಿನಲ್ಲಿ ಮತಾಂತರ ಮಾಡುತ್ತಿದ್ದಾರೆ ಎಂಬ ದೂರು ಆ ದೇಶದಲ್ಲಿ ದೊಡ್ಡ ಗಲಾಟೆಯಾಗಿತ್ತು. ಆ ಗಾಯ ಇನ್ನೂ ಹಸಿ. ವಿದೇಶಿಯರು ಬಂದು ಮಕ್ಕಳಿಗೆ ಏನೋ ಕೊಡುತ್ತಿದ್ದಾರೆ ಅಂದರೆ ಅನುಮಾನದಿಂದ ನೋಡುವವರು ಇದ್ದೇ ಇರುತ್ತಾರೆ. ಹೊಸ ಸಂಸ್ಥೆ ನೋಂದಾಯಿಸುವ ಗೋಜಿಗೂ ಹೋಗಬೇಡಿ. ಈಗಾಗಲೇ ನೋಂದಣಿಯಾಗಿರುವ ಸ್ಥಳೀಯ ಸಂಸ್ಥೆಯ ಮೂಲಕ ಹಣ ಕೊಟ್ಟು ರಸೀತಿ ತೆಗೆದುಕೊಳ್ಳಿ. ಊರಿನ ಗ್ರಾಮ ನಿಲಧಾರಿ, ಅಂದರೆ ನಮ್ಮ ಗ್ರಾಮ ಲೆಕ್ಕಿಗರಂಥವರು, ಅವರಿಗೂ ವಿಷಯ ತಿಳಿಸಿ. ಮಕ್ಕಳ ಫೋಟೋ ತೆಗೆದು ವಾಟ್ಸ್‌ಆ್ಯಪ್‌ಗೆ ಹಾಕುವುದು ಪೂರ್ತಿ ಬೇಡ. ದಾನಿಗಳಿಗೆ ತೋರಿಸಬೇಕೆಂದರೆ ಅಡುಗೆಯ ಪಾತ್ರೆ ತೋರಿಸಿ. ಮಂಡಳಿಯ ಯಾರೂ ಒಬ್ಬರೇ ಮಕ್ಕಳ ಜೊತೆ ಇರಬಾರದು. ಯಾವುದಾದರೂ ಮಗುವಿಗೆ ಹೊಡೆತ, ಕಿರುಕುಳದ ಅನುಮಾನ ಬಂದರೆ ಮಕ್ಕಳ ರಕ್ಷಣಾ ಪ್ರಾಧಿಕಾರದ 1929ಕ್ಕೆ ಫೋನ್ ಮಾಡಿ.

ಹಣವಿಲ್ಲದೆ ಮಾಡುವ ಒಂದು ಕೆಲಸವೂ ಇದೆ, ನಿಮ್ಮಲ್ಲಿ ಬಹಳ ಜನ ಓದಿದವರು. 2023ರಲ್ಲಿ ಹಳೆಯ ಸಮೃದ್ಧಿ ಯೋಜನೆಯ ನಗದು ಸಹಾಯದ ಬದಲು ‘ಅಸ್ವೆಸುಮ’ ಬಂತು. ಕುಟುಂಬದ ಖಾತೆಗೆ ನೇರ ಹಣ. ಅರ್ಜಿ, ಸಮೀಕ್ಷೆ, ಮೇಲ್ಮನವಿ ಅಂತ ಅದರಲ್ಲಿ ಬಹಳ ಓಡಾಟ. ಅರ್ಹರಿದ್ದೂ ಬಿಟ್ಟುಹೋದ ಮನೆಗಳಿವೆ. ಸಿಂಹಳ, ತಮಿಳು ಬರುವ ನಿಮ್ಮ ಸ್ನೇಹಿತರು ಕೂತು ನಾಲ್ಕು ಮನೆಗಳ ಅರ್ಜಿ ಸರಿಯಾಗಿ ತುಂಬಿಸಿಕೊಟ್ಟರೂ ನಿಮ್ಮ ದಿನಸಿಗಿಂತ ಜಾಸ್ತಿ ಹಣ ಆ ಮನೆಗಳಿಗೆ ತಿಂಗಳು ತಿಂಗಳು ಬರಬಹುದು.

ನಿಮ್ಮ ತಮಿಳು ಸ್ನೇಹಿತರಿಗೆ ಉತ್ಸಾಹವಿದ್ದರೆ ಒಂದೆರಡು ವರ್ಷದ ನಂತರ ಹಟ್ಟನ್, ನುವರ ಎಳಿಯ ಕಡೆ ನೋಡಿ. ಚಹಾ ತೋಟದ ಲೈನ್ ಮನೆಗಳು. ತಾಯಂದಿರು ಬೆಳಗ್ಗೆ ಎಲೆ ಕೀಳಲು ಹೋದರೆ ಮಕ್ಕಳು ತೋಟದ ಶಿಶುಪಾಲನಾ ಕೇಂದ್ರದಲ್ಲಿರುತ್ತಾರೆ. ದಿನಗೂಲಿ ಸಾವಿರ ರೂಪಾಯಿ ಆದದ್ದೇ 2021ರಲ್ಲಿ, ಬಹು ವರ್ಷ ಹೋರಾಡಿದ ಮೇಲೆ. ಮರುವರ್ಷವೇ ಬೆಲೆಗಳು ಆ ಸಾವಿರವನ್ನು ನುಂಗಿಹಾಕಿದವು. ಮಕ್ಕಳಿಗೆ ಸಹಾಯ ಅತಿ ಹೆಚ್ಚು ಬೇಕಾಗಿರುವುದು ಅಲ್ಲೇ. ಆದರೆ ಕೊಲಂಬೊದಿಂದ ದೂರ, ಗುಡ್ಡಗಾಡು. ತೋಟದ ಆಡಳಿತದವರ ಒಪ್ಪಿಗೆ ಬೇಕು. ಮೊದಲ ವರ್ಷವೇ ಅಲ್ಲಿಗೆ ಹೋಗಬೇಡಿ.

ನಿಮ್ಮ ತಂಗಿಯ ಹಣದ ಬಗ್ಗೆ. ಭಾರತದಿಂದ ಬ್ಯಾಂಕ್ ಮೂಲಕ ವಿದೇಶಕ್ಕೆ ದಾನ ಕಳಿಸಲು ಅವಕಾಶವಿದೆ, ಆದರೆ ವಿದೇಶಿ ಸಂಸ್ಥೆಗೆ ಕೊಟ್ಟ ದಾನಕ್ಕೆ 80ಜಿ ತೆರಿಗೆ ವಿನಾಯಿತಿ ಸಿಗುವುದಿಲ್ಲ. ಕಳಿಸಲು ಶುಲ್ಕ ಬೇರೆ. ನಾನಾದರೆ ಆ ಹಣವನ್ನು ಧಾರವಾಡದಲ್ಲೇ ಇಟ್ಟುಕೊಳ್ಳಲು ಹೇಳುತ್ತೇನೆ. 2019ರ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು ಶೇ 35.4, ಶ್ರೀಲಂಕಾದ 2016ರ ಸಂಖ್ಯೆಯ ಎರಡು ಪಟ್ಟು. ಎತ್ತರಕ್ಕೆ ತಕ್ಕ ತೂಕವಿಲ್ಲದವರು ಶೇ 19.5. ದಿವಾಳಿಯಾದ ದೇಶ ಅದು, ನಮ್ಮದಲ್ಲ. ತಂಗಿಯವರ ಮನೆ ಹತ್ತಿರದ ಅಂಗನವಾಡಿಗೆ ಒಂದು ದಿನ ಹೋಗಿ, ಕಾರ್ಯಕರ್ತೆಯನ್ನು ‘ಏನಕ್ಕ, ಇಲ್ಲಿ ಏನು ಕಮ್ಮಿ ಇದೆ?’ ಎಂದು ಕೇಳಲಿ. ಕುಕ್ಕರ್, ಫ್ಯಾನ್, ತೂಕದ ಯಂತ್ರ, ಗ್ಯಾಸಿನ ಬಾಕಿ, ಏನೋ ಒಂದು ಇದ್ದೇ ಇರುತ್ತದೆ. ಆದರೆ ಅವರು ಕೇಳಿದ್ದನ್ನೇ ಕೊಡಲಿ. ಗೋಡೆಗೆ ಬಣ್ಣ, ಬಲೂನು, ಕೇಕು ಬೇಡ.